ಎಡಗಾಲಿನ ಅರ್ಧ ಇಂಚು

“ಇವತ್ತು ಆ ಮುದುಕ ಎಂತ ಬರೆದಿದ್ದಾನೆ?” ರವಿಕೆಗೆ ಕೊಕ್ಕೆ ಹಾಕುತ್ತಿದ್ದ ಕಮಲ ತಲೆ ಎತ್ತದೆ ಕೇಳಿದಳು.

“ಶೆಲ್ಡನ್ ಗಿಡ್ಡ ಅಂತೆ. ತಾಳೆಮರದ ಹಾಗಿರುವ ಇನ್ನೊಬ್ಬ ಹುಡುಗ ಇದ್ದಾನಂತೆ, ಅವನನ್ನೇ ತೆಗೆದುಕೊಳ್ಳಬೇಕಂತೆ.” ಕಾನ್ಸೆಪ್ಟಾ ಫೋನನ್ನು ಹೊಲಿಗೆ ಯಂತ್ರದ ಮೇಲೆ ಕುಕ್ಕಿದಳು.

“ಹಾಗಾದರೆ ಒಂದು ತೆಂಗಿನ ಮರವನ್ನೇ ನಿಲ್ಲಿಸಲಿ ಮಾರಾಯ್ತಿ. ಓಡದಿದ್ದರೂ ಕಾಯಿಯಾದರೂ ಸಿಗ್ತದೆ.”

ಕಾಪು ಪೇಟೆಯಲ್ಲಿ ಅವರಿಬ್ಬರೂ ಸೇರಿ ಹೊಲಿಗೆ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷಗಳಾಗಿದ್ದವು. ಕಮಲಳದು ರವಿಕೆ, ಚೂಡಿದಾರ. ಶಿರ್ವದಿಂದ ಬಸ್ಸಿನಲ್ಲಿ ಬರುವ ಕಾನ್ಸೆಪ್ಟಾಳದು ಪ್ಯಾಂಟು, ಅಂಗಿ, ಶಾಲೆಯ ಸಮವಸ್ತ್ರ. ಈಚಿನ ಮೂರು ತಿಂಗಳಿಂದ ಅಂಗಡಿಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಆಸ್ಟ್ರೇಲಿಯಾದ ಫುಟ್‌ಬಾಲ್ ಮಾತು ನಡೆಯುತ್ತಿತ್ತು. ಆ ಆಟದ ಚೆಂಡು ದುಂಡಗಿಲ್ಲ, ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು ಎಂಬಲ್ಲಿಗೆ ಕಮಲಳ ತಿಳಿವಳಿಕೆ ಮುಗಿಯುತ್ತಿತ್ತು. ಆದರೆ ಡ್ರಾಫ್ಟ್ ಎಂದರೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ದೊಡ್ಡ ಕ್ಲಬ್ಬುಗಳೆಲ್ಲ ಒಂದು ಕಡೆ ಕುಳಿತು ಹದಿನೆಂಟು ವರ್ಷದ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಕಳೆದ ಸಲ ಸೋತು ಕೆಳಗೆ ಬಿದ್ದ ಕ್ಲಬ್ಬಿಗೆ ಮೊದಲ ಸರದಿ. ಹುಡುಗರನ್ನು ಯಾರೂ ಕೇಳುವುದಿಲ್ಲ. ಕರೆದ ಊರಿಗೆ ಹೋಗಬೇಕು.

ಈ ಸಲದ ಹುಡುಗರಲ್ಲಿ ಕಾನ್ಸೆಪ್ಟಾಳ ತಂಗಿಯ ಮಗ ಶೆಲ್ಡನ್ ಇದ್ದ. ಅವನ ಆಸೆ ಮೆಲ್ಬರ್ನ್‌ನ ಬೇಸೈಡ್ ಪೆಲಿಕನ್ಸ್ ಕ್ಲಬ್ಬು. ಮನೆಯಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ. ಆ ಕ್ಲಬ್ಬಿನ ಅಭಿಮಾನಿಗಳು ಅಂತರ್ಜಾಲದಲ್ಲಿ ಒಂದು ಚರ್ಚಾಕೂಟ ಮಾಡಿಕೊಂಡಿದ್ದರು. ಯಾರನ್ನು ಆರಿಸಬೇಕು, ಯಾರನ್ನು ಬಿಡಬೇಕು ಎಂದು ಅಲ್ಲಿ ಹಗಲಿಡೀ ಜಗಳ. ಕಾನ್ಸೆಪ್ಟಾ ಆಗಸ್ಟಿನಲ್ಲಿ ‘ಲೈಟ್‌ಹೌಸ್’ ಎಂಬ ಹೆಸರಿನಲ್ಲಿ ಒಳಗೆ ಸೇರಿದ್ದಳು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಇಷ್ಟು ವರ್ಷಗಳ ಮೇಲೆ ಉಪಯೋಗಕ್ಕೆ ಬಂದಿತ್ತು. ಅವಳ ಮುಖ್ಯ ಎದುರಾಳಿ ‘ಹಳೇ ಪೆಲಿಕನ್’ ಎಂದು ಹೆಸರಿಟ್ಟುಕೊಂಡ ಒಬ್ಬ. ಅವನು ಮುದುಕನೇ ಎಂದು ತೀರ್ಮಾನಿಸಿದವಳು ಕಮಲ.

“ಈ ಲೈಟ್‌ಹೌಸ್‌ಗೆ ಬೇರೆ ಯಾವ ಹುಡುಗನೂ ಕಾಣುವುದಿಲ್ಲ. ಇದು ಶೆಲ್ಡನ್ನನ ಅಜ್ಜಿಯೇ ಇರಬೇಕು,” ಎಂದು ಹಳೇ ಪೆಲಿಕನ್ ಒಮ್ಮೆ ಬರೆದಿದ್ದ.

“ಅಜ್ಜಿ ಖಂಡಿತ ಅಲ್ಲ,” ಎಂದು ಕಾನ್ಸೆಪ್ಟಾ ಉತ್ತರಿಸಿದ್ದಳು. ಸುಳ್ಳು ಹೇಳಲಿಲ್ಲವೆಂಬ ಸಮಾಧಾನ ಅವಳಿಗಿತ್ತು.

ಶೆಲ್ಡನ್‌ಗೆ ಒಂಬತ್ತು ತಿಂಗಳಾಗಿದ್ದಾಗ ತಂಗಿ ಕ್ಯಾರಲ್ ಮತ್ತು ಅವಳ ಗಂಡ ಅಲೆಕ್ಸ್ ನರ್ಸಿಂಗ್ ಓದಲೆಂದು ಮೆಲ್ಬರ್ನ್‌ಗೆ ಹೋಗಿದ್ದರು. ಓದು, ಕೆಲಸ, ಕಾಗದಪತ್ರ ಎಲ್ಲ ಸರಿಯಾಗಿ ಮಗುವನ್ನು ಕರೆದುಕೊಂಡು ಹೋಗುವಾಗ ಅವನಿಗೆ ಆರು ದಾಟಿತ್ತು. ಅಲ್ಲಿಯವರೆಗೆ ಅವನು ಕಾನ್ಸೆಪ್ಟಾಳ ಬಳಿಯೇ ಇದ್ದ, ಮದುವೆಯಾಗದ ಈ ದೊಡ್ಡಮ್ಮನ, ಅವನ ಬಾಯಲ್ಲಿ ಮಾವ್ಶಿಯ, ಮಗ್ಗುಲಲ್ಲೇ ಮಲಗುತ್ತಿದ್ದ. ಈಗ ಭಾನುವಾರಕ್ಕೊಂದು ಫೋನು. ಅದೂ ಅವನಿಗೆ ಆಟವಿಲ್ಲದಿದ್ದರೆ.

ಡ್ರಾಫ್ಟಿಗೆ ನಾಲ್ಕು ದಿನ ಇರುವಾಗ ಹಳೇ ಪೆಲಿಕನ್ ಮತ್ತೆ ಕೆಣಕಿದ. “ಹುಡುಗ ವೇಗದವನು, ಒಪ್ಪಿದೆ. ಆದರೆ ಅದು ಹುಟ್ಟುವೇಗ. ಕಷ್ಟ ಬಂದರೆ ಎದುರಿಸುವ ಗಟ್ಟಿತನ ಇದೆಯೇ?”

ಕಾನ್ಸೆಪ್ಟಾಳಿಗೆ ಮೈಯೆಲ್ಲ ಉರಿದುಹೋಯಿತು. ಕತ್ತರಿಯನ್ನು ಬದಿಗಿಟ್ಟು ಒಂದೇ ಉಸಿರಿನಲ್ಲಿ ಬರೆದಳು. ಈ ಹುಡುಗನ ಎಡಗಾಲು ಬಲಗಾಲಿಗಿಂತ ಅರ್ಧ ಇಂಚು ಗಿಡ್ಡ. ನಾನು ದರ್ಜಿ, ಅವನ ಪ್ಯಾಂಟುಗಳನ್ನು ಹೊಲಿದವಳು, ನನಗೆ ಗೊತ್ತು. ಆ ಕಾಲಿನಲ್ಲೇ ಸಣ್ಣವನಿರುವಾಗ ಕಡಲಬದಿಯ ಮರಳಿನಲ್ಲಿ ತನಗಿಂತ ದೊಡ್ಡ ಮಕ್ಕಳನ್ನು ಹಿಂದೆ ಹಾಕುತ್ತಿದ್ದ. ಗಟ್ಟಿತನದ ಬಗ್ಗೆ ನೀವು ಮಾತಾಡಬೇಡಿ.

ಕಳಿಸಿದ ಮೇಲೆ ಕಮಲಳಿಗೆ ಓದಿ ಹೇಳಿದಳು.

“ಒಳ್ಳೆ ಕೊಟ್ಟೆ,” ಎಂದ ಕಮಲ ರವಿಕೆ ಮಡಚುತ್ತ, “ಆದರೆ ಗಿರಾಕಿಗಳ ಅಳತೆಯನ್ನು ನಾವು ಯಾರಿಗೂ ಹೇಳುವುದಿಲ್ಲ, ಅಲ್ವಾ?” ಎಂದಳು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಚರ್ಚಾಕೂಟದಲ್ಲಿ ಇನ್ನೂರಕ್ಕೂ ಹೆಚ್ಚು ಉತ್ತರಗಳಿದ್ದವು. ಅವನ ಗಟ್ಟಿತನದ ಮಾತನ್ನು ಒಬ್ಬರೂ ಎತ್ತಿರಲಿಲ್ಲ. ಅರ್ಧ ಇಂಚು ಎಂದರೆ ಸೊಂಟಕ್ಕೆ ಪೆಟ್ಟು, ಮೂರು ವರ್ಷದಲ್ಲಿ ಮಂಡಿ ಹೋಗುತ್ತದೆ, ಇಂಥವನಿಗೆ ಸರದಿ ಹಾಳುಮಾಡಬೇಡಿ. ಬೇರೆ ಕ್ಲಬ್ಬುಗಳ ಕೂಟಗಳಿಗೂ ಸುದ್ದಿ ಹೋಗಿತ್ತು. ಕಾನ್ಸೆಪ್ಟಾ ತನ್ನ ಮಾತನ್ನು ಅಳಿಸಿದಳು. ಅಷ್ಟರಲ್ಲಿ ಯಾರೋ ಅದರ ಚಿತ್ರ ತೆಗೆದು ಎಲ್ಲ ಕಡೆ ಅಂಟಿಸಿದ್ದರು.

ಹನ್ನೊಂದು ಗಂಟೆಗೆ ಕ್ಯಾರಲ್ ಫೋನು ಮಾಡಿದಳು.

“ಕೊನ್ಸು, ಯಾರೋ ನಮ್ಮವರೇ ಮಾಡಿದ್ದು. ಅಲೆಕ್ಸ್ ಹೇಳ್ತಾರೆ, ನೆವಿಲ್ ಅಂತ. ಸಣ್ಣವನಿರುವಾಗ ಆಟ ಕಲಿಸಿದ್ದು ಅವನೇ ಅಲ್ವಾ, ಅವನ ಹೆಂಡತಿಯೂ ಹೊಲೀತಾಳೆ. ಇವರು ಸಂಜೆ ಅವನ ಮನೆಗೆ ಹೋಗಿ ಕೇಳ್ತಾರಂತೆ.”

“ನೆವಿಲ್ ಹಾಗೆ ಮಾಡುವವನಲ್ಲ,” ಎಂದಷ್ಟೇ ಕಾನ್ಸೆಪ್ಟಾ ಹೇಳಿದಳು.

ಫೋನಿಟ್ಟ ಮೇಲೆ ಅವಳು ಯಂತ್ರಕ್ಕೆ ನೂಲು ಪೋಣಿಸಲು ನೋಡಿದಳು. ಮೂರು ಸಲ ತಪ್ಪಿತು. ಒಪ್ಪಿಕೊಂಡರೆ ಕ್ಯಾರಲ್ ಏನು ಕೇಳುತ್ತಾಳೆಂದು ಅವಳಿಗೆ ಗೊತ್ತಿತ್ತು. ನನ್ನ ಮಗನ ವಿಷಯದಲ್ಲಿ ನಿನಗೆಂತ ಅಧಿಕಾರ? ಆ ಪ್ರಶ್ನೆ ಹನ್ನೆರಡು ವರ್ಷಗಳಿಂದ ಇಬ್ಬರ ನಡುವೆ ಸುಮ್ಮನೆ ಕುಳಿತಿತ್ತು. ಅದು ಬಾಯಿಗೆ ಬಂದ ದಿನ ಭಾನುವಾರದ ಫೋನು ನಿಂತುಹೋದೀತು. ಒಪ್ಪಿಕೊಳ್ಳದಿದ್ದರೆ ನೆವಿಲ್‌ನ ಬಾಗಿಲಿಗೆ ಅಲೆಕ್ಸ್ ಹೋಗಿ ನಿಲ್ಲುತ್ತಾನೆ.

“ಹೋಗು, ಹಿಂದಿನ ಕೋಣೆಯಲ್ಲಿ ಕೂತು ಮಾತಾಡು,” ಎಂದಳು ಕಮಲ. “ಗಿರಾಕಿ ಬಂದರೆ ನಾನು ನೋಡಿಕೊಳ್ತೇನೆ.”

ಕಾನ್ಸೆಪ್ಟಾ ಮೊದಲು ಶೆಲ್ಡನ್‌ಗೆ ಫೋನು ಮಾಡಿದಳು.

“ಪುತಾ, ಆ ಲೈಟ್‌ಹೌಸ್ ನಾನು.”

“ಗೊತ್ತಾಗಿತ್ತು ಮಾವ್ಶಿ. ದರ್ಜಿ ಅಂತ ಬರೆದಾಗಲೇ.”

“ನಿನ್ನನ್ನು ಇನ್ನು ಯಾರೂ ತೆಗೆದುಕೊಳ್ಳುವುದಿಲ್ವಾ?”

“ಕ್ಲಬ್ಬಿನವರಿಗೆಲ್ಲ ಮೊದಲೇ ಗೊತ್ತುಂಟು. ಅವರ ಡಾಕ್ಟರುಗಳು ನನ್ನ ಹಲ್ಲು ಕೂಡ ಎಣಿಸಿದ್ದಾರೆ. ಬೂಟಿನೊಳಗೆ ಒಂದು ಪಟ್ಟಿ ಇಟ್ಟುಕೊಳ್ತೇನೆ, ಅಷ್ಟೇ. ಆದರೆ ನನ್ನ ಫ್ರೆಂಡ್ಸ್‌ಗೆ ಗೊತ್ತಿರಲಿಲ್ಲ. ಈಗ ಎಲ್ಲರೂ ಕುಂಟನ ಹಾಗೆ ನಡೆದು ತೋರಿಸ್ತಾರೆ. ನೀನು ನನ್ನನ್ನು ಕೇಳಬಹುದಿತ್ತು.”

“ಹೌದು. ಕೇಳಬೇಕಿತ್ತು.”

ಅವನೇ ಮತ್ತೆ ಕೇಳಿದ. “ನಿನಗೆ ಯಾವಾಗ ಗೊತ್ತಾಯಿತು?”

“ನಿನಗೆ ನಾಲ್ಕು ವರ್ಷ ಇರುವಾಗ. ಪ್ಯಾಂಟಿನ ಎಡಗಡೆಯ ಕಾಲನ್ನು ಅರ್ಧ ಇಂಚು ಒಳಗೆ ಮಡಚಿ ಹೊಲೀತಿದ್ದೆ. ನೋಡುವವರಿಗೆ ಸಮ ಕಾಣಬೇಕಲ್ಲ.”

“ಹಾಗಾದರೆ ಅದು ಅದಾ!” ಅವನು ತಟ್ಟನೆ ನಕ್ಕ. “ಇಲ್ಲಿಗೆ ಬಂದ ಮೇಲೆ ಅಂಗಡಿಯ ಪ್ಯಾಂಟು ಒಂದೇ ಕಡೆ ನೆಲಕ್ಕೆ ತಾಗ್ತಿತ್ತು. ಆಸ್ಟ್ರೇಲಿಯಾದವರಿಗೆ ಹೊಲಿಯಲಿಕ್ಕೇ ಬರುವುದಿಲ್ಲ ಅಂತ ಅಮ್ಮ ಎಷ್ಟು ಬೈದಿದ್ದಾಳೆ ಗೊತ್ತುಂಟಾ?” ನಗು ಮುಗಿಸಿ ಹೇಳಿದ, “ಅಮ್ಮನಿಗೆ ನಾನು ಹೇಳುವುದಿಲ್ಲ. ನೀನೇ ಹೇಳಬೇಕು.”

ಕ್ಯಾರಲ್‌ಗೆ ಹೇಳುವಾಗ ಕಾನ್ಸೆಪ್ಟಾ ನಿಂತೇ ಇದ್ದಳು. ಅಧಿಕಾರದ ಪ್ರಶ್ನೆ ಬರಲಿಲ್ಲ. ಕ್ಯಾರಲ್ ಬೇರೆಯೇ ಕೇಳಿದಳು.

“ನಾನು ನರ್ಸು, ಅವನ ತಾಯಿ. ನನಗೆ ಗೊತ್ತಾದದ್ದು ಅವನಿಗೆ ಹದಿನಾಲ್ಕು ಆದ ಮೇಲೆ, ಅದೂ ಬೇರೆ ಡಾಕ್ಟರು ಹೇಳಿ. ನೀನು ನನಗೆ ಯಾಕೆ ಹೇಳಲಿಲ್ಲ, ಕೊನ್ಸು?”

ಮರೆತುಹೋಯಿತು ಎನ್ನಬಹುದಿತ್ತು. ಕ್ಯಾರಲ್ ನಂಬುತ್ತಿದ್ದಳು ಕೂಡ. ಆದರೆ ಅವನನ್ನು ಕಳಿಸುವ ವಾರ ತಾನು ಎಂಟು ಪ್ಯಾಂಟುಗಳನ್ನು ಹೊಲಿದದ್ದು, ಪೆಟ್ಟಿಗೆಗೆ ತುಂಬುವಾಗ ತಂಗಿ ಪಕ್ಕದಲ್ಲೇ ಕುಳಿತಿದ್ದದ್ದು, ಮಾತು ನಾಲಗೆಯ ತುದಿಯವರೆಗೆ ಬಂದು ನಿಂತದ್ದು ಕಾನ್ಸೆಪ್ಟಾಳಿಗೆ ನೆನಪಿತ್ತು.

“ಅವನ ಊಟ, ನಿದ್ದೆ, ಜ್ವರದ ಮದ್ದು, ಎಲ್ಲ ನಿನಗೆ ಬರೆದು ಕೊಟ್ಟೆ,” ಎಂದಳು. “ಒಂದಾದರೂ ನನ್ನ ಹತ್ತಿರ ಇರಲಿ ಅಂತ ಕಂಡಿತು. ಅದಕ್ಕೇ ಹೇಳಲಿಲ್ಲ.”

ಕ್ಯಾರಲ್ ಫೋನು ಇಟ್ಟುಬಿಟ್ಟಳು. ನೆವಿಲ್‌ನ ಮನೆಗೆ ಅಲೆಕ್ಸ್ ಹೋಗಲಿಲ್ಲ ಎಂದು ಸಂಜೆ ಶೆಲ್ಡನ್ ಸಂದೇಶ ಕಳಿಸಿದ. ಕ್ಯಾರಲ್‌ಳಿಂದ ಮಾತ್ರ ಏನೂ ಬರಲಿಲ್ಲ.

ಡ್ರಾಫ್ಟಿನ ಮೊದಲ ದಿನ ಶೆಲ್ಡನ್ನನ ಹೆಸರು ಬರಲಿಲ್ಲ. ಪೆಲಿಕನ್ಸ್ ತಮ್ಮ ಸರದಿಯಲ್ಲಿ ತಾಳೆಮರದ ಹುಡುಗನನ್ನೇ ಕರೆದರು. ಎರಡನೆಯ ದಿನ ಮಧ್ಯಾಹ್ನ ಕಾನ್ಸೆಪ್ಟಾ ಊಟದ ಡಬ್ಬಿ ತೆರೆಯದೆ ಕುಳಿತಿದ್ದಳು. ಒಂದೂವರೆಗೆ ಐದು ನಿಮಿಷ ಇರುವಾಗ ಕ್ಯಾರಲ್‌ಳ ವಿಡಿಯೋ ಕರೆ ಬಂತು. ಅವಳು ಫೋನನ್ನು ತಮ್ಮ ಟಿವಿ ಕಾಣುವಂತೆ ಯಾವುದಕ್ಕೋ ಒರಗಿಸಿಟ್ಟಳು. ಸೋಫಾದ ತುದಿ, ಅಲೆಕ್ಸ್‌ನ ಮೊಣಕಾಲು, ಕಾಲು ಕುಣಿಸುತ್ತಿದ್ದ ಶೆಲ್ಡನ್, ಇಷ್ಟು ಕಂಡಿತು. ಕಮಲ ಬಂದು ಕಾನ್ಸೆಪ್ಟಾಳ ಸ್ಟೂಲಿನಲ್ಲೇ ಅರ್ಧ ಜಾಗ ಮಾಡಿಕೊಂಡು ಕುಳಿತಳು.

ಹೆಸರುಗಳು ಬಂದವು, ಹೋದವು. ಪೆಲಿಕನ್ಸ್‌ನವರ ಕೊನೆಯ ಸರದಿಯೂ ಬೇರೆಯವನ ಹೆಸರಿಗೆ ಮುಗಿಯಿತು. “ಛೆ, ಕಣ್ಣಿಲ್ಲದವರು,” ಎಂದಳು ಕಮಲ. ಅದಾಗಿ ಮೂರನೆಯ ಹೆಸರು ಶೆಲ್ಡನ್ನನದು. ಕರೆದದ್ದು ಪರ್ತ್‌ನ ಒಂದು ಕ್ಲಬ್ಬು.

ಫೋನಿನೊಳಗೆ ಮನೆಯೆಲ್ಲ ಎದ್ದು ನಿಂತಿತು. ಯಾರೋ ಕೂಗಿದರು, ಯಾರದೋ ಬೆನ್ನು ಅಡ್ಡ ಬಂತು. ಕಮಲ ಎರಡೂ ಕೈಗಳಿಂದ ಕಾನ್ಸೆಪ್ಟಾಳನ್ನು ಅಲುಗಾಡಿಸಿದಳು. ಶೆಲ್ಡನ್ ಫೋನಿನ ಹತ್ತಿರ ಬಗ್ಗಿ “ಮಾವ್ಶೀ!” ಎಂದು ಅರಚಿ ಓಡಿಹೋದ.

ಗದ್ದಲ ಅಂಗಳದ ಕಡೆಗೆ ಸರಿಯಿತು. ಆಮೇಲೆ ಕ್ಯಾರಲ್ ಫೋನನ್ನು ಕೈಗೆತ್ತಿಕೊಂಡಳು. ಅತ್ತು ಅವಳ ಮೂಗು ಕೆಂಪಾಗಿತ್ತು.

“ಪರ್ತ್‌ಗೆ ವಿಮಾನದಲ್ಲೇ ನಾಲ್ಕು ಗಂಟೆ,” ಎಂದಳು. “ಹದಿನೈದು ದಿನದೊಳಗೆ ಹೋಗಬೇಕಂತೆ. ಅವನ ಬಟ್ಟೆ ಯಾರು ಒಗೀತಾರೆ, ಎಂತ ತಿಂತಾನೆ.”

“ಒಗೆದುಕೊಳ್ತಾನೆ, ಕ್ಯಾರಲ್. ತಿಂತಾನೆ.”

ಕ್ಯಾರಲ್ ಎದ್ದು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

“ನಾನು ಇಷ್ಟು ವರ್ಷ ನಿನ್ನನ್ನು ಕೇಳಲೇ ಇಲ್ಲ,” ಎಂದಳು. “ನಾವು ಅವನನ್ನು ಕರೆದುಕೊಂಡು ಬಂದ ಮೇಲೆ ಮೊದಲನೆಯ ವಾರ ನೀನು ಹೇಗೆ ಕಳೆದಿ?”

ಹೊರಗೆ ರಸ್ತೆಯಲ್ಲಿ ಉಡುಪಿಯ ಬಸ್ಸು ಬಂದು ನಿಂತು ಕಂಡಕ್ಟರ್ ಊರುಗಳ ಹೆಸರು ಕೂಗತೊಡಗಿದ. ಕಮಲ ಎದ್ದು ಕಿಟಕಿ ಮುಚ್ಚಿದಳು. ಕಾನ್ಸೆಪ್ಟಾ ಫೋನನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಸೋಮವಾರ ಅಂಗಡಿಗೆ ಬರಲಿಲ್ಲ,” ಎಂದು ಶುರು ಮಾಡಿದಳು. “ಬೆಳಿಗ್ಗೆ ಎದ್ದು ಅಭ್ಯಾಸದಲ್ಲಿ ಎರಡು ಗ್ಲಾಸು ಹಾಲು ಬಿಸಿ ಮಾಡಿದೆ. ಒಂದನ್ನು ಎಂತ ಮಾಡುವುದು ಅಂತ ಗೊತ್ತಾಗಲಿಲ್ಲ…”

ಕ್ಯಾರಲ್ ನೆಲದ ಮೇಲೆ ಕುಳಿತು ಗೋಡೆಗೆ ಒರಗಿದಳು. “ಹೇಳು,” ಎಂದಳು. “ನಿಧಾನವಾಗಿ ಹೇಳು.”