ನೋಡದೆ ಸಹಿ ಹಾಕದವರು

ಯಾವ ಹೊಸ್ತಿಲಾದರೂ ಸರಿ, ಅದರಾಚೆಗೆ ಬಲಗಾಲನ್ನಿಟ್ಟು, ಮೈಭಾರವನ್ನು ಅರ್ಧ ಮಾತ್ರ ಅದರ ಮೇಲೆ ಬಿಟ್ಟು, ಎರಡು ಸಲ ಮೆಲ್ಲಗೆ ಒತ್ತಿ ನೋಡಿ, ತಲೆಯೆತ್ತಿ ಚಾವಣಿಯನ್ನೊಮ್ಮೆ ದಿಟ್ಟಿಸಿ, ಆಮೇಲಷ್ಟೇ ಎಡಗಾಲನ್ನು ಒಳಗೆ ತರುವವರೆಂದು ನಾನು ಕಂಡದ್ದು ಅವರೊಬ್ಬರನ್ನೇ. ಲಿಫ್ಟುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕಚೇರಿಯಲ್ಲಿ ಅವರು ಹಿರಿಯ ಪರೀಕ್ಷಕರು. ಪಕ್ಕದ ಮೇಜು ನನ್ನದು. ಲಿಫ್ಟಿನೊಳಗೆ ಹಾಗೆ ಕಾಲಿಡುವುದು ವೃತ್ತಿಧರ್ಮ, ಒಪ್ಪೋಣ. ಆದರೆ ಬಸ್ಸನ್ನೂ ಅವರು ಹಾಗೆಯೇ ಹತ್ತುತ್ತಿದ್ದರು, ಕ್ಷೌರದಂಗಡಿಯ ಕುರ್ಚಿಯನ್ನೂ ಹಾಗೆಯೇ ಒತ್ತಿ ನೋಡಿ ಕೂರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಮಾವನ ಮನೆಯ ಮಹಡಿ ಮೆಟ್ಟಿಲನ್ನು ಒಂದೊಂದಾಗಿ ಹೀಗೇ ಪರೀಕ್ಷಿಸುತ್ತಾ ಹತ್ತಿ, ಆ ಮನೆಯನ್ನು ನಿಂತು ಕಟ್ಟಿಸಿದ್ದ ಮಾವ ಎರಡು ದಿನ ಗಂಟುಮುಖ ಹಾಕಿಕೊಂಡಿರುವಂತೆ ಮಾಡಿದ್ದರಂತೆ.

ಕಚೇರಿಯಲ್ಲಿ ಅವರಿಗೆ 'ಇನ್ನೊಂದ್ಸಲ' ಎಂದು ಹೆಸರಿಟ್ಟಿದ್ದೆವು. ಏನೇ ಕೇಳಿದರೂ, ಕನ್ನಡಕವನ್ನು ಹಣೆಗೇರಿಸಿ, "ಇನ್ನೊಂದ್ಸಲ ನೋಡೋಣ" ಎನ್ನುವುದು ಅವರ ಮೊದಲ ಉತ್ತರ, ಬಹಳಷ್ಟು ಸಲ ಕೊನೆಯ ಉತ್ತರವೂ ಅದೇ. ಬೇಸಿಗೆಯಲ್ಲೂ ಬಿಡದೆ ತೊಡುತ್ತಿದ್ದ ಬೂದುಬಣ್ಣದ ಕೋಟಿನ ಜೇಬುಗಳಲ್ಲಿ ಟಾರ್ಚು, ಅಳತೆಪಟ್ಟಿ, ತೂಗುಗುಂಡು ಕಟ್ಟಿದ ದಾರ, ಎರಡು ಪೆನ್ಸಿಲ್ಲು ಸದಾ ಇರುತ್ತಿದ್ದು, ನಡೆಯುವಾಗ ಆ ಭಾರಕ್ಕೆ ಬಲಗಡೆಗೆ ಕೊಂಚ ವಾಲುತ್ತಿದ್ದರು. ನಾವು ನಗುತ್ತಿದ್ದೆವು, ನಿಜ. ಆದರೆ ನಮ್ಮ ಮನೆಯವರು ಯಾವುದಾದರೂ ಎತ್ತರದ ಕಟ್ಟಡಕ್ಕೆ ಹೋಗುವಾಗ, ಅಲ್ಲಿಯ ಪ್ರಮಾಣಪತ್ರದ ಕೆಳಗೆ ಯಾರ ಸಹಿಯಿದೆಯೆಂದು ನೋಡಿಕೊಳ್ಳಲು ಹೇಳುತ್ತಿದ್ದವರೂ ನಾವೇ. ಒಮ್ಮೆ ಒಂಬತ್ತು ಮಹಡಿಯ ಕಟ್ಟಡವೊಂದರ ಒಡೆಯ, ಲಿಫ್ಟಿನ ಅಡಿಯ ತಳಗುಂಡಿಯ ಬೀಗದಕೈ ಕಳೆದುಹೋಗಿದೆ, ಉಳಿದದ್ದೆಲ್ಲ ನೋಡಿದ್ದೀರಲ್ಲ, ಸಹಿ ಹಾಕಿಬಿಡಿ ಎಂದಾಗ, ಇವರು ಜಪ್ಪಯ್ಯ ಅಂದರೂ ಕೇಳದೆ, ಬೀಗದವನು ಬರುವ ತನಕ ನಾಲ್ಕು ಗಂಟೆ ಮೆಟ್ಟಿಲ ಮೇಲೆ ಕೂತಿದ್ದರು. ಗುಂಡಿಯಲ್ಲಿ ಯಾವ ದೋಷವೂ ಇರಲಿಲ್ಲ. "ಇರಲಿಲ್ಲ ಅಂತ ಈಗ ಗೊತ್ತಾಯ್ತಲ್ಲ" ಎಂದು ಸಹಿ ಹಾಕಿ ಬಂದರು. ಇಪ್ಪತ್ತೆರಡು ವರ್ಷಗಳಲ್ಲಿ ಅವರು 'ನೋಡಿದ್ದೇನೆ' ಎಂದು ಬರೆದ ಯಾವ ಲಿಫ್ಟೂ ಯಾರ ಕೂದಲನ್ನೂ ಕೊಂಕಿಸಿರಲಿಲ್ಲ.

ಇಂಥವರಿಗೆ ಹಡಗನ್ನು ಆರಿಸುವ ಕೆಲಸ ಬಂತು. ಅವರ ಹೆಂಡತಿ ಔಷಧಿ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ದುಡಿಯುವಾಕೆ. ಮಗಳಿಗೆ ಆಗ ಆರು ವರ್ಷ, ಮಗನಿಗೆ ಮೂರು. ಅಂಗಡಿಗೆ ಯಾರೋ ಮರೆತು ಬಿಟ್ಟುಹೋದ ಬಣ್ಣದ ಪುಸ್ತಿಕೆಯೊಂದನ್ನು ಆಕೆ ಮನೆಗೆ ತಂದು ಊಟದ ಮೇಜಿನ ಮೇಲೆ ಹರವಿದರು. ಮಕ್ಕಳಿರುವ ಕುಟುಂಬಗಳಿಗೆ ನಾಲ್ಕು ದಿನಗಳ ಸಮುದ್ರವಿಹಾರ. ಬಿಳಿಯ ಹಡಗು, ಅದರ ನೆತ್ತಿಯ ಮೇಲೊಂದು ಜಾರುಬಂಡೆ, ಸುತ್ತ ಎಲ್ಲಿ ನೋಡಿದರೂ ನೀಲಿ. "ನಂಗೆ ಬೇರೇನೂ ಬೇಡ ರೀ" ಎಂದರಂತೆ ಆಕೆ. "ನಾಲ್ಕು ದಿನ ಅಡುಗೆ ಯಾರೋ ಮಾಡಿರ್ಬೇಕು. ಯಾರೂ ನನ್ನನ್ನ ಏನೂ ಕೇಳ್ಬಾರ್ದು. ನಾವು ನಾಲ್ಕು ಜನ ಒಂದೇ ಕಡೆ ಇರ್ಬೇಕು, ಅಷ್ಟೇ. ಇವು ಚಿಕ್ಕೋರಿದ್ದಾಗ್ಲೇ ಹೋಗ್ಬೇಕು. ಆಮೇಲೆ ಇವಕ್ಕೆ ನಾವು ಬೇಡವಾಗ್ತೀವಿ." ಇವರು ಪುಸ್ತಿಕೆಯನ್ನು ಕೈಗೆತ್ತಿಕೊಂಡು, ಕನ್ನಡಕವನ್ನು ಹಣೆಗೇರಿಸಿದರು. ಆ ಗಳಿಗೆಯಲ್ಲೇ ಆಕೆಗೆ ಎಲ್ಲವೂ ತಿಳಿದುಹೋಗಬೇಕಿತ್ತು. ಆಸೆ ಮನುಷ್ಯರನ್ನು ಕುರುಡಾಗಿಸುತ್ತದೆ, ಪಾಪ.

ಮುಂದಿನ ಎರಡು ವರ್ಷ ನಮ್ಮ ಕಚೇರಿಯ ಊಟದ ವಿರಾಮವೆಲ್ಲ ಸಮುದ್ರದ ಮೇಲೆಯೇ ಕಳೆಯಿತು. ಹನ್ನೊಂದು ಹಡಗುಗಳಿಗೆ ಹನ್ನೊಂದು ಹಾಳೆ. ಒಂದರಲ್ಲಿ ಈಜುಕೊಳಕ್ಕೆ ಕಾವಲಿನವರಿಲ್ಲ. ಇನ್ನೊಂದರಲ್ಲಿ ವೈದ್ಯರಿದ್ದಾರೆ, ಮಕ್ಕಳ ವೈದ್ಯರಲ್ಲ. ಮೂರನೆಯದರಲ್ಲಿ ಮಕ್ಕಳ ಮಂಚ ಗೋಡೆಯ ಮೇಲ್ಭಾಗದಲ್ಲಿ, ಏಣಿ ಹತ್ತಿ ಮಲಗಬೇಕು. ಅಲೆ ಎದ್ದರೆ ಏಣಿ ಹಿಡಿಯುವವರು ಯಾರು? ಮತ್ತೊಂದರಲ್ಲಿ ಆಟದ ಕೋಣೆಯಿದೆ, ಆದರೆ ಮಗುವನ್ನು ಅಲ್ಲಿ ಬಿಟ್ಟರೆ ಕರೆದೊಯ್ಯಲು ಬಂದವರು ಅಪ್ಪನೋ ಪರರೋ ಎಂದು ಹೇಗೆ ಗುರುತಿಸುತ್ತಾರೆಂದು ಪುಸ್ತಿಕೆಯಲ್ಲಿ ಬರೆದಿಲ್ಲ. ಒಂದು ಕಂಪನಿಗಂತೂ ಬಾಲ್ಕನಿಯ ಸರಳುಗಳ ನಡುವಿನ ಅಂತರವೆಷ್ಟೆಂದು ಮೂರು ಪತ್ರ ಬರೆದರು. ಎರಡು ತಿಂಗಳ ಮೇಲೆ, ಒಂಬತ್ತು ಸೆಂಟಿಮೀಟರ್ ಎಂದು ಉತ್ತರ ಬಂದಾಗ, ಮಗ ಹಾಲು ಕುಡಿಯುತ್ತಾ ಕೂತಿದ್ದನಂತೆ. ಇವರು ಅಳತೆಪಟ್ಟಿಯನ್ನು ಅವನ ತಲೆಗೆ ಸುತ್ತಿ, ಅಡ್ಡಕ್ಕೆ ಹಿಡಿದು, ಉದ್ದಕ್ಕೆ ಹಿಡಿದು ಬರೆದುಕೊಂಡರು. ತಲೆ ತೂರುವುದಿಲ್ಲವೆಂದು ಖಚಿತವಾಯಿತು. ಮಾರನೆಯ ದಿನ ನನ್ನ ಮೇಜಿಗೆ ಬಂದು, "ತಲೆ ತೂರಲ್ಲ ಸರಿ. ಕಾಲು ತೂರಿಸಿ ಸಿಕ್ಕಾಕ್ಕೊಂಡ್ರೆ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ, ರಾತ್ರಿಯಿಡೀ ನಿದ್ದೆ ಮಾಡದವರ ಕಣ್ಣು ಅವರದಾಗಿತ್ತು.

ಒಂದು ಭಾನುವಾರ ಅವರು ಹಡಗಿನ ಕೋಣೆಯ ಅಳತೆಯನ್ನು ತಮ್ಮ ಮನೆಯ ನಡುಮನೆಯಲ್ಲಿ ಸೀಮೆಸುಣ್ಣದಿಂದ ಬರೆದರು: ಹದಿನಾಲ್ಕು ಅಡಿ ಉದ್ದ, ಒಂಬತ್ತು ಅಡಿ ಅಗಲ. ಮಂಚ ಇಲ್ಲಿ, ಸ್ನಾನದ ಗೂಡು ಅಲ್ಲಿ, ಬಾಗಿಲು ಇತ್ತ. ಬೆಳಗಿನಿಂದ ಸಂಜೆಯವರೆಗೆ ನಾಲ್ವರೂ ಆ ಗೆರೆಯೊಳಗೇ ಇರಬೇಕು, ಯಾರು ಯಾರಿಗೆ ಎಷ್ಟು ಸಲ ಡಿಕ್ಕಿ ಹೊಡೆಯುತ್ತಾರೆಂದು ಅವರು ಬರೆದುಕೊಳ್ಳಬೇಕು. ಮಕ್ಕಳಿಗೆ ಅದು ಹಬ್ಬವೇ ಆಯಿತು. ಗೆರೆಯಾಚೆಗೆ ಕಾಲಿಟ್ಟವರನ್ನು ಮೊಸಳೆ ತಿನ್ನುತ್ತದೆಂದು ಮಗಳು ಕಾನೂನು ಮಾಡಿದಳು, ಕಡಲಲ್ಲಿ ಮೊಸಳೆ ಇರುವುದಿಲ್ಲವೆಂದು ಅಪ್ಪ ತಿದ್ದಿದರು. ಹೆಂಡತಿಯೂ ಮೊದಮೊದಲು ನಕ್ಕರು. ಮಧ್ಯಾಹ್ನದ ಹೊತ್ತಿಗೆ, ಸೀಮೆಸುಣ್ಣದ ಮಂಚದ ಮೇಲೆ ಮೊಣಕಾಲು ತಬ್ಬಿ ಕೂತು, "ನಮ್ಮ ಹಡಗು ಇದೇ ಅಂತ ಅಂದ್ಕೊಂಡ್ಬಿಡ್ಲಾ?" ಎಂದು ಕೇಳಿದ ಆಕೆಯ ದನಿಯಲ್ಲಿ ಅಳುವಿತ್ತು. ಇವರು ತಲೆಯೆತ್ತದೆ, "ಹದಿನೇಳು ಸಲ ಡಿಕ್ಕಿ" ಎಂದರು. ಇದನ್ನು ಅವರೇ ನನಗೆ ಹೇಳಿದ್ದು. ಆಕೆ ಅತ್ತದ್ದು ಕೋಣೆ ಇಕ್ಕಟ್ಟೆಂದೇ ಎಂದು ಅವರು ನಂಬಿದ್ದರು.

ಮಕ್ಕಳು ಕಾಯಲಿಲ್ಲ. ಐದು ವರ್ಷದೊಳಗಿನವರಿಗೆ ಒಂದು ಆಟದ ಕೋಣೆ, ಐದರಿಂದ ಎಂಟರವರೆಗೆ ಇನ್ನೊಂದು ಎಂಬ ಪಟ್ಟಿಯಲ್ಲಿ ಇವರ ಮಕ್ಕಳು ತಮ್ಮ ಪಾಡಿಗೆ ತಾವು ಮುಂದಿನ ಸಾಲಿಗೆ ದಾಟುತ್ತಿದ್ದರು. ದಾಟಿದಾಗಲೆಲ್ಲ ಹನ್ನೊಂದು ಹಾಳೆಗಳನ್ನೂ ಹೊಸದಾಗಿ ಬರೆಯಬೇಕಾಗುತ್ತಿತ್ತು. ಮಗಳ ಮೊದಲ ಹಾಲುಹಲ್ಲು ಬಿದ್ದ ದಿನ ಅವರು ಹನ್ನೊಂದೂ ಹಾಳೆಗಳಲ್ಲಿ ವಯಸ್ಸಿನ ಸಾಲನ್ನು ಬೆರಳಿಟ್ಟು ಒಂದೊಂದಾಗಿ ನೋಡಿದರು. ತಡವಾಗುತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಮೂರು ಜೀವಗಳನ್ನು ಬಿಟ್ಟರೆ ಈ ಲೋಕದಲ್ಲಿ ತಮ್ಮದೆನ್ನುವುದು ಅವರಿಗೆ ಏನೂ ಇರಲಿಲ್ಲ. ಕಂಡು ಕೇಳಿ ಅರಿಯದವರ ಜೀವಕ್ಕೇ ನಾಲ್ಕು ಗಂಟೆ ಮೆಟ್ಟಿಲ ಮೇಲೆ ಕೂತವರು, ತಮ್ಮ ಮಕ್ಕಳ ಜೀವಕ್ಕೆ ಎಷ್ಟು ವರ್ಷ ಕೂರಬೇಕು?

ಕೊನೆಗೆ ಹೆಂಡತಿಯೇ ಯಾರನ್ನೂ ಕೇಳದೆ ನಾಲ್ಕು ಟಿಕೆಟ್ ತೆಗೆದರು. ಮಗಳಿಗೆ ಎಂಟು, ಮಗನಿಗೆ ಐದು. ಶಾಲೆಗೆ ರಜೆ ಬಿದ್ದ ಮೂರನೆಯ ದಿನ ಹೊರಡುವುದೆಂದು ತಿಳಿಸಿ, ಹಡಗಿನ ಕಾಗದಪತ್ರವೊಂದೂ ಗಂಡನ ಕಣ್ಣಿಗೆ ಬೀಳದಂತೆ ಔಷಧಿ ಅಂಗಡಿಯ ಕಪಾಟಿನಲ್ಲಿ ಬಚ್ಚಿಟ್ಟರು. ಆಶ್ಚರ್ಯವೆಂದರೆ ಇವರು ಒಪ್ಪಿಬಿಟ್ಟರು. ಆ ವಾರ ಅವರ ಮುಖದಲ್ಲಿ ನಾನೆಂದೂ ಕಾಣದ ಹಗುರ ಕಂಡಿತು. ತಾನು ಆರಿಸದೆ ಪಾರಾದೆನೆಂಬ ಸಮಾಧಾನವಿರಬೇಕು. ಮಕ್ಕಳು ತೊಡುವಂಥ ಅರ್ಧ ತೋಳಿನ ಹೂವಿನ ಅಂಗಿಯೊಂದನ್ನು ಕೊಂಡಿದ್ದರು, ಕಚೇರಿಗೆ ತಂದು ನಾಚಿಕೊಳ್ಳುತ್ತಾ ತೋರಿಸಿದರು.

ಬಂದರಿನಲ್ಲಿ ಗಾಜಿನ ಗೋಡೆಯ ದೊಡ್ಡ ಹಾಲ್. ಗಾಜಿನಾಚೆ ಹಡಗು ಆಕಾಶವನ್ನೇ ಮರೆಮಾಡಿ ನಿಂತಿತ್ತು. ಕೌಂಟರಿನ ಹುಡುಗಿ ನಗುತ್ತಾ ಒಂದು ಹಾಳೆಯನ್ನು ಮುಂದೆ ಸರಿಸಿದಳು: ಹಿರಿಯರು ತಮ್ಮ ತಮ್ಮ ಸಹಿ ಹಾಕಬೇಕು, ಮಕ್ಕಳ ಪರವಾಗಿ ಇಬ್ಬರಲ್ಲೊಬ್ಬರು ಹಾಕಿದರೆ ಸಾಕು. ಹೆಂಡತಿ ಓದದೆಯೇ ಮೂರು ಕಡೆ ಸಹಿ ಹಾಕಿದರು. ಇವರು ಓದಿದರು. ಹನ್ನೆರಡನೆಯ ಸಾಲಿನಲ್ಲಿ ಹೀಗಿತ್ತು: ಹಡಗಿನ ಸುರಕ್ಷತಾ ವ್ಯವಸ್ಥೆಯನ್ನು ನಾನು ಸ್ವತಃ ಪರಿಶೀಲಿಸಿದ್ದೇನೆ ಮತ್ತು ಅದು ನನಗೆ ತೃಪ್ತಿಕರವಾಗಿದೆ.

"ನಾನಿನ್ನೂ ಹತ್ತೇ ಇಲ್ವಲ್ಲಮ್ಮ" ಎಂದರು ಇವರು, ಬಲು ಮೃದುವಾಗಿ.

"ಅದು ಸುಮ್ನೆ ಫಾರ್ಮಾಲಿಟಿ ಸರ್."

"ಒಳಗೆ ಬಿಡಿ. ಒಂದರ್ಧ ಗಂಟೆ ನೋಡ್ತೀನಿ. ಬಂದು ಸಹಿ ಹಾಕ್ತೀನಿ."

"ಸಹಿ ಹಾಕಿದ್ರೇನೇ ಒಳಗೆ ಬಿಡೋದು ಸರ್."

ಹಿಂದೆ ಸಾಲು ಬೆಳೆಯುತ್ತಿತ್ತು. ಯಾರದೋ ಮಗು ಅಳತೊಡಗಿತು. ಹೆಂಡತಿ ಅವರ ತೋಳು ಹಿಡಿದು, ಯಾರಿಗೂ ಕೇಳಿಸದ ಹಾಗೆ, "ನಿಮ್ಮ ಕಾಲಿಗೆ ಬೀಳ್ತೀನಿ ರೀ, ಒಂದು ಗೀಟು ಎಳೀರಿ. ಎಲ್ರೂ ಹಾಕ್ತಾರೆ" ಎಂದರು.

"ಎಲ್ರೂ ಹಾಕ್ತಾರೆ. ಅದಕ್ಕೇ ಲಿಫ್ಟ್ ಬೀಳೋದು."

ಪೆನ್ನನ್ನು ಅವರು ಹಾಳೆಗೆ ತಾಗಿಸಿದ್ದು ನಿಜವಂತೆ. ಕೈ ಮುಂದೆ ಹೋಗಲಿಲ್ಲ. ಸಾಲಿನಿಂದ ಪಕ್ಕಕ್ಕೆ ಸರಿದು ಓದಿ ಮುಗಿಸಿ ಬನ್ನಿ ಎಂದಳು ಹುಡುಗಿ. ಇವರು ಸರಿದು ನಿಂತರು. ಬೇಡ, ನೀವೂ ಹೋಗಬೇಡಿ ಎನ್ನುವ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಮಗಳ ಮುಖ ನೋಡಿದರು. "ನೀವು ನಡೀರಿ, ಮೇಲಿನವರನ್ನ ಕೇಳಿ ಬಂದ್ಬಿಡ್ತೀನಿ" ಎಂದರು. ಮೇಲಿನವರು ಬಂದು ಹುಡುಗಿ ಹೇಳಿದ್ದನ್ನೇ ಹೇಳಿದರು, ಕೊಂಚ ಗಟ್ಟಿಯಾಗಿ. ಅಷ್ಟರಲ್ಲಿ ಆ ಮೂವರೂ ಹಡಗು ಹತ್ತಿಯಾಗಿತ್ತು, ಬಾಗಿಲು ಮುಚ್ಚಿತು. ಹೂವಿನ ಅಂಗಿ ತೊಟ್ಟು, ಹಾಳೆ ಕೈಯಲ್ಲಿ ಹಿಡಿದು, ಅವರು ಗಾಜಿನ ಈಚೆ ನಿಂತಿದ್ದರು. ಹಡಗು ಹೊರಟದ್ದು ಗೊತ್ತೇ ಆಗಲಿಲ್ಲವಂತೆ, ಬಂದರೇ ಹಿಂದಕ್ಕೆ ಸರಿದ ಹಾಗಾಯಿತಂತೆ.

ರಜೆ ಮಂಜೂರಾಗಿದ್ದರೂ ಮಾರನೆಯ ದಿನ ಕಚೇರಿಗೆ ಬಂದರು. ಏನಾಯಿತೆಂದು ಯಾರದೋ ಅಪಘಾತದ ವರದಿ ಓದುವ ದನಿಯಲ್ಲಿ ನನಗೆ ಹೇಳಿದರು. ಆ ನಾಲ್ಕು ದಿನ ಅವರು ಮಾಡಿದ ಕೆಲಸವೆಂದರೆ ಹವಾಮಾನದ ವರದಿ ಕೇಳುವುದು, ನೀರು ಕುಡಿಯುವುದು, ಮತ್ತೆ ಹವಾಮಾನದ ವರದಿ ಕೇಳುವುದು. ಸಮುದ್ರ ಶಾಂತವಾಗಿತ್ತು. ಮೂರನೆಯ ದಿನ ಇದ್ದಕ್ಕಿದ್ದಂತೆ ನನ್ನತ್ತ ತಿರುಗಿ, "ಏನಾದ್ರೂ ಆದ್ರೆ ಹಿಡ್ಕೊಳ್ಳೋಕೆ ಒಂದು ಕೈ ಕಮ್ಮಿ ಆಯ್ತಲ್ಲ. ನನ್ನದೇ ಕೈ" ಎಂದರು. ಅವರ ಕೈಗಳು ಮೇಜಿನ ಮೇಲೆ ಬಿದ್ದುಕೊಂಡಿದ್ದವು.

ಏನೂ ಆಗಲಿಲ್ಲ. ಮೂವರೂ ಬಿಸಿಲಿಗೆ ಕಪ್ಪಗಾಗಿ, ನಗುನಗುತ್ತಾ ಮರಳಿದರು. ಜಾರುಬಂಡೆಯಿಂದ ಮಗ ಹನ್ನೆರಡು ಸಲ ಜಾರಿದ್ದ, ಮೇಲಿನ ಮಂಚದ ಏಣಿಯನ್ನು ಒಂದೇ ಕೈಯಲ್ಲಿ ಹತ್ತಲು ಕಲಿತಿದ್ದ, ಮಗಳು ನಡುಗಡಲನ್ನು ನೋಡುತ್ತಾ ಬಾಲ್ಕನಿಯಲ್ಲಿ ಊಟ ಮಾಡಿದ್ದಳು. ಹೆಂಡತಿ ಗಂಡನ ಮೇಲೆ ಸಿಡುಕಲಿಲ್ಲ, ಆ ವಿಷಯವನ್ನೇ ಎತ್ತಲಿಲ್ಲ. ಹದಿನೈದು ವರ್ಷಗಳಲ್ಲಿ ಇಷ್ಟು ನಿರಾಳವಾಗಿ ಆಕೆ ನಿದ್ದೆ ಮಾಡಿದ್ದನ್ನು ತಾನು ನೋಡಿಲ್ಲವೆಂದು ಅವರು ನನ್ನಲ್ಲಿ ಹೇಳಿಕೊಂಡರು. ಅಪ್ಪನಿಗೆ ಬೇಸರವಾಗಿರಬಹುದೆಂದು ಮಗಳಿಗೆ ಅನ್ನಿಸಿತೋ ಏನೋ, ಪಕ್ಕದಲ್ಲಿ ಕೂತು ಅವರ ಬೆನ್ನು ಸವರುತ್ತಾ ಸಮಾಧಾನ ಹೇಳಿದಳಂತೆ: "ಪರ್ವಾಗಿಲ್ಲ ಅಪ್ಪಾ. ನೀವು ಬಂದಿದ್ರೆ ನಾವು ನೀರಿಗೇ ಇಳೀತಿರ್ಲಿಲ್ಲ ಅಲ್ವಾ?" ಅವಳ ದನಿಯಲ್ಲಿ ದೂರು ಇರಲಿಲ್ಲ. ಅವರು ಹೌದೆಂದರಂತೆ.

ಮುಂದಿನ ವರ್ಷ ಮನೆಗೆ ಮೂರು ಟಿಕೆಟ್ ಬಂದವು. ನಾಲ್ಕನೆಯದರ ಮಾತು ಯಾರೂ ಆಡಲಿಲ್ಲ. ಯಾವ ಹಡಗು ಎಂದು ಕೇಳಿದರು, ಹೆಂಡತಿ ಹೇಳಿದರು. ಅದರ ಹಾಳೆ ಅವರ ಬಳಿ ಇತ್ತು, ಅದರ ಬಾಲ್ಕನಿ, ಕೊಳ, ಏಣಿ ಎಲ್ಲವೂ ಅವರಿಗೆ ಬಾಯಿಪಾಠ. ಮತ್ತೊಂದು ಪ್ರಶ್ನೆಯನ್ನೂ ಕೇಳದೆ, ಮಕ್ಕಳ ಬಟ್ಟೆಗಳನ್ನು ತಾವೇ ಮಡಚಿ ಪೆಟ್ಟಿಗೆಗೆ ತುಂಬಿಸಿದರು. ಇಷ್ಟು ವರ್ಷ ಅವರನ್ನು ಕಂಡ ನನಗೆ, ಅವರು ಬೇರೇನನ್ನೂ ಕೇಳಲಿಲ್ಲವೆಂದು ತಿಳಿದು ಭಯವಾಯಿತು.

ಲೋಕದಲ್ಲಿ ಇಂಥವರದೊಂದು ಕುಲವಿದೆ. ಸೇತುವೆಗಳು ನಿಂತಿರುವುದು, ಮದ್ದು ಮದ್ದಾಗಿಯೇ ಉಳಿದಿರುವುದು, ನಾವು ನಿಶ್ಚಿಂತೆಯಿಂದ ಗುಂಡಿ ಒತ್ತಿ ಒಂಬತ್ತನೆಯ ಮಹಡಿಗೆ ಹೋಗಿ ಮರಳುವುದು ಅವರ ಸಂಶಯದ ಪುಣ್ಯದಿಂದ. ಪರರನ್ನು ಕಾಯಲು ಕಲಿತ ವಿದ್ಯೆಯನ್ನು ಅವರು ಮನೆಗೂ ತರುತ್ತಾರೆ, ಏಕೆಂದರೆ ಪ್ರೀತಿಸಲು ಅವರಿಗೆ ಬೇರೆ ವಿದ್ಯೆ ಬರುವುದಿಲ್ಲ. ಬಾರದೇ ಹೋದ ಆಪತ್ತಿಗಾಗಿ ಯಾರೂ ಅವರನ್ನು ನೆನೆಯುವುದಿಲ್ಲ. ಸಂತೋಷ ಬಂದ ದಿನ ಅವರು ಅಲ್ಲಿ ಇರುವುದಿಲ್ಲ.