ರೇಡಿಯೋ ಜೋರು ಮಾಡಿದವನು

ಮೇಷ್ಟ್ರು ಜನರ ನಾಚಿಕೆಯ ಬಗ್ಗೆ ಹನ್ನೊಂದು ಪುಸ್ತಕ ಬರೆದಿದ್ದಾರೆ. ಹನ್ನೊಂದನ್ನೂ ಟೈಪು ಮಾಡಿದವಳು ನಾನು. ಮೆಚ್ಚುವವರು ಅವರನ್ನು ರಾಜಕೀಯ ಮನೋವಿಜ್ಞಾನಿ ಎನ್ನುತ್ತಾರೆ, ಆಗದವರು ಬರೀ ಸಂಸ್ಕೃತಿ ವಿಮರ್ಶಕ ಎಂದು ಮುಗಿಸುತ್ತಾರೆ. ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುವುದು. ಅಕ್ಕನ ಅಭಿಪ್ರಾಯ ಬೇರೆಯೇ: "ಇವರು ಊರವರ ಮನಸ್ಸೆಲ್ಲ ಓದ್ತಾರೆ ಕಣೆ. ಎದುರಿಗೇ ಹಾಲು ಉಕ್ಕಿದ್ರೆ ಮಾತ್ರ ಕಾಣಲ್ಲ."

ಎಲ್ಲಾದರೂ ಗಲಭೆಯಾಗಿ, ಪೊಲೀಸರೂ ಪತ್ರಿಕೆಯವರೂ ಹೊರಟುಹೋದ ಮೇಲೆ ಮೇಷ್ಟ್ರು ಟೇಪ್ ರೆಕಾರ್ಡರ್ ಹಿಡಿದು ಹೋಗುತ್ತಿದ್ದರು. ಅವರಿಗೆ ಬೇಕಾದದ್ದು ಹೊಡೆದವರಲ್ಲ, ಸುಮ್ಮನಿದ್ದವರು. "ಕಲ್ಲು ಎಸೆದವನಿಗೆ ಒಂದು ಕಾರಣ ಇರುತ್ತಮ್ಮ. ಕಿಟಕಿ ಮುಚ್ಕೊಂಡವನ ಹತ್ರ ಏನಿರುತ್ತೆ? ನಂಗೆ ಅದು ಬೇಕು."

ಅದನ್ನು ಹೊರತೆಗೆಯಲು ಅವರದ್ದೊಂದು ಕ್ರಮವಿತ್ತು. ಮೊದಲು ತಮ್ಮದೇ ಒಂದು ನಾಚಿಕೆ ಹೇಳಿಕೊಳ್ಳುವುದು. ಚಿಕ್ಕಂದಿನಲ್ಲಿ ಶಾಯಿ ಕುಡಿಕೆ ಒಡೆದು, ಏಟನ್ನು ತಮ್ಮನ ಬೆನ್ನಿಗೆ ದಾಟಿಸಿದ ಕತೆ. ಅದನ್ನು ಕೇಳಿ ಎದುರಿನವರು ಬಾಯಿ ಬಿಡುತ್ತಿದ್ದರು. ಆ ಕುಡಿಕೆ ಅರುವತ್ತು ಕ್ಯಾಸೆಟ್ಟುಗಳಲ್ಲಿ ಒಡೆದಿದೆ. "ನನ್ನ ಪುರಾಣ ಟೈಪ್ ಮಾಡ್ಬೇಡಮ್ಮ, ಅವರದ್ದು ಮಾತ್ರ ಸಾಕು" ಎಂದು ಅವರೇ ಹೇಳಿದ್ದರಿಂದ, 'ಶಾಯಿ' ಎನ್ನುತ್ತಲೇ ನಾನು ಟೇಪು ಮುಂದಕ್ಕೆ ಓಡಿಸುತ್ತಿದ್ದೆ. ಎಲ್ಲಿ ನಿಂತಿತೋ ಅಲ್ಲಿಂದ 'ಉ' ಎಂದು ಹಾಕಿ ಉತ್ತರ ಟೈಪು ಮಾಡುವುದು. ಟೇಪಿನ ಗರಗರದಲ್ಲಿ ದನಿಗಳೆಲ್ಲ ಒಂದೇ ಥರ, ಹಾಗಾಗಿ ಚಿಕ್ಕ ಮಾತು ಪ್ರಶ್ನೆ, ಉದ್ದ ಮಾತು ಉತ್ತರ, ಅದರಾಚೆಗಿನ ಚಿಲ್ಲರೆ ಮಾತು ಬಿಡುವುದು. ಇಷ್ಟೇ ನನ್ನ ಮನೋವಿಜ್ಞಾನ.

ಅವರ ಹೆಸರಾಂತ ಅಧ್ಯಾಯ 'ರೇಡಿಯೋ ಜೋರು ಮಾಡಿದವನು'. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಒಬ್ಬಾತ. ಗಲಭೆಯ ಸಂಜೆ ನೆರೆಯವನು ಬಂದು ಬಾಗಿಲು ಬಡಿಯುತ್ತಾನೆ. ಈತ ತೆರೆಯುವುದಿಲ್ಲ. ಬಡಿತ ಮಕ್ಕಳಿಗೆ ಕೇಳಿಸದಿರಲೆಂದು ರೇಡಿಯೋ ಜೋರು ಮಾಡುತ್ತಾನೆ. ಹೆಸರು ಹಾಕಿರಲಿಲ್ಲ. ಆದರೆ ಆ ಓಣಿಯಲ್ಲಿ ಕಟ್ಟು ಹಾಕುವವರು ಒಬ್ಬರೇ. ಅಲ್ಲದೆ ರೂಪಕ ಸಿಕ್ಕರೆ ಬಿಡುವ ಜಾಯಮಾನ ಮೇಷ್ಟ್ರದ್ದಲ್ಲ. ಚೌಕಟ್ಟು, ಗಾಜು, ಗಾಜಿನ ಹಿಂದಿನ ಮುಖ ಎಂದು ನಾಲ್ಕು ಪುಟ ಎಳೆದಿದ್ದರು. ಕಾಲೇಜಿನ ಪಠ್ಯದಲ್ಲೂ ಬಂತು.

ಪುಸ್ತಕಕ್ಕೆ ಇಪ್ಪತ್ತೈದು ವರ್ಷವಾಗಿ ಹೊಸ ಮುದ್ರಣ ಅಚ್ಚಿಗೆ ಹೋಗಲಿದೆ ಎಂದು ಪತ್ರಿಕೆಯಲ್ಲಿ ಬಂದ ವಾರವೇ ಒಬ್ಬಳು ನರ್ಸು ಬೆಳಗಿನ ಪಾಳಿ ಮುಗಿಸಿ ಮೇಷ್ಟ್ರ ಮನೆಗೆ ಬಂದಳು. ಕಾಲಲ್ಲಿ ಇನ್ನೂ ಆಸ್ಪತ್ರೆಯ ಬಿಳಿ ಬೂಟು. ಕಟ್ಟಿನವರ ಮಗಳು.

"ಸರ್, ನಮ್ಮಪ್ಪನ್ನ ಓಣೀಲಿ ಏನಂತ ಕರೀತಾರೆ ಗೊತ್ತಾ? ರೇಡಿಯೋ. 'ರೇಡಿಯೋ ಅಂಗಡೀಲಿ ಕೊಟ್ಟಿದೀನಿ, ನಾಳೆ ಕಟ್ಟು ಹಾಕಿ ಕೊಡ್ತಾನೆ' ಅಂತಾರೆ. ಕಾಲೇಜಲ್ಲಿ ನಾನೇ ಆ ಪಾಠ ಓದಿ ಮೂರು ವರ್ಷ ಅಪ್ಪನ ಹತ್ರ ಮಾತು ಬಿಟ್ಟಿದ್ದೆ. ಹಾಸ್ಟೆಲಿಂದ ಮನೆಗೇ ಹೋಗ್ಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮುಜುಗರವಾದಾಗ ಅವರು ಮಾಡುವುದು ಅದೊಂದೇ.

"ಈಗ ಏನಾಯ್ತಮ್ಮ?"

"ಹೋದ್ತಿಂಗಳು ಅಮ್ಮನ ಹತ್ರ ಬಾಯ್ಬಿಟ್ಟು ಕೇಳ್ದೆ. ಅಮ್ಮ ನಕ್ಕುಬಿಟ್ಳು. 'ಯಾವ ರೇಡಿಯೋನೇ? ನಮ್ಮನೇಲಿ ರೇಡಿಯೋ ಇದ್ದಿದ್ದೇ ಇಲ್ಲ' ಅಂದ್ಳು. ಅಪ್ಪನ್ನ ಕೇಳಿದ್ರೆ, 'ಯಾರೋ ಏನೋ ಹೇಳಿದ್ದು ಬಿಡು' ಅಂತಾರೆ. ಯಾರು ಸರ್ ಹೇಳಿದ್ದು? ನಂಗೆ ಟೇಪ್ ಕೇಳಿಸಿ. ಇಲ್ದಿದ್ರೆ ಈ ಸಲ ಆ ಪಾಠ ತೆಗೀರಿ."

ಆಗ ನಾನು ನೋಡಬಾರದ ಕಡೆ ನೋಡಿದೆ. ಮೇಷ್ಟ್ರ ನಡುಮನೆಯಲ್ಲಿ, ಪುಸ್ತಕದ ಕಪಾಟಿನ ಪಕ್ಕ, ಕಸೂತಿ ಬಟ್ಟೆ ಹೊದ್ದ ಮರದ ರೇಡಿಯೋ ಒಂದಿದೆ. ಎಂಟು ವರ್ಷದ ಹಿಂದೊಮ್ಮೆ ನಾನು ಅಕ್ಕನನ್ನು "ಕೆಟ್ಟಿದೆಯಾ?" ಎಂದು ಕೇಳಿದ್ದೆ. ಅಕ್ಕ ಅವರೆಕಾಯಿ ಸುಲಿಯುವಷ್ಟು ಸಹಜವಾಗಿ, "ಕೆಟ್ಟಿಲ್ಲ. ಆ ಗಲಾಟೆ ದಿನ ಕೆಳಗಿನ ಮನೆಯವರು ಬಾಗಿಲು ಬಡಿದಾಗ ಇವರು ಜೋರು ಮಾಡಿದ್ರಲ್ಲ, ಆಮೇಲೆ ಹಾಕೇ ಇಲ್ಲ" ಎಂದಿದ್ದರು. ನಾನು ಚಹಾ ಕುಡಿದು ಲೋಟ ತೊಳೆದಿಟ್ಟು ಮನೆಗೆ ಹೋಗಿದ್ದೆ. ಕ್ಯಾಸೆಟ್ಟುಗಳ ಬೀರುವಿನ ಬೀಗದ ಕೈ ನನ್ನ ಚೀಲದಲ್ಲೇ ಇತ್ತು. ಹಾಕಿ ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತಿತ್ತು.

ಈಗ ಅದೇ ಬೀಗದ ಕೈಯಿಂದ ಮೂವತ್ನಾಲ್ಕನೇ ಕ್ಯಾಸೆಟ್ಟು ತೆಗೆದೆ. ಮೇಷ್ಟ್ರು ಬೇಡ ಎನ್ನಲಿಲ್ಲ.

ಮೊದಲು ಗಾಜು ಕೊಯ್ಯುವ ಕಿರ್ರೆನ್ನುವ ಸದ್ದು. ಶಾಯಿ ಕುಡಿಕೆ ಒಡೆಯಿತು. ತಮ್ಮ ಏಟು ತಿಂದ. ಇದೇ ಮೊದಲ ಸಲ ನಾನು ಓಡಿಸದೆ ಕೇಳಿದೆ. ಕುಡಿಕೆಯ ಕತೆ ಮುಗಿದರೂ ಮೇಷ್ಟ್ರ ದನಿ ನಿಲ್ಲಲಿಲ್ಲ. "ಇದು ಚಿಕ್ಕದು. ದೊಡ್ಡದು ಇನ್ನೊಂದಿದೆ, ಯಾರಿಗೂ ಹೇಳಿಲ್ಲ" ಎಂದಿತು. ಆಮೇಲೆ ಬಾಗಿಲು, ಮಕ್ಕಳು, ರೇಡಿಯೋ. ಕೆಳಗಿನ ಮನೆಯವರಿಗೆ ಒಂದು ಕಣ್ಣು ಹೋದದ್ದು. ಆಮೇಲೂ ಅವರು ಮೆಟ್ಟಿಲಲ್ಲಿ ಸಿಕ್ಕಾಗ ಮೊದಲಿನಂತೆಯೇ ಊಟ ಆಯ್ತಾ ಎಂದು ಕೇಳುತ್ತಿದ್ದದ್ದು.

ಗಾಜು ಕೊಯ್ಯುವುದು ನಿಂತಿತು. ಇನ್ನೊಂದು ದನಿ, ಮೆತ್ತಗೆ: "ನೀರು ಕುಡೀರಿ ಸರ್. ನಾನು ಯಾರಿಗೂ ಹೇಳಲ್ಲ."

"ನಿಮ್ಮದು ಹೇಳಿ."

"ನಂದೇನಿದೆ ಸರ್? ನಾನು ಅವತ್ತು ಊರಲ್ಲೇ ಇರ್ಲಿಲ್ಲ. ಹೆಂಡ್ತಿ ಹೆರಿಗೆ ಅಂತ ಅತ್ತೆ ಮನೇಲಿದ್ದೆ. ಹೆಣ್ಣು ಮಗು."

ಆ ಹೆಣ್ಣು ಮಗು ಈಗ ಕುರ್ಚಿಯಲ್ಲಿ ಕೂತು ತನ್ನ ಬಿಳಿ ಬೂಟು ನೋಡುತ್ತಿತ್ತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಇಂಥ ಬರವಣಿಗೇಲಿ ಹೇಳಿದವರು ಯಾರು ಅನ್ನೋದಕ್ಕಿಂತ, ಒಂದು ಸಮುದಾಯದ ಮನಸ್ಸು..."

"ರೀ, ಸಾಕು" ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ.

ಮೇಷ್ಟ್ರು ನನ್ನತ್ತ ನೋಡದೆ, "ಬರ್ಕೊಳ್ಳಮ್ಮ, ಹೊಸ ಮುದ್ರಣದ ಮುನ್ನುಡಿಗೆ" ಎಂದರು. ನಾನು ಟೈಪು ಯಂತ್ರದ ಮುಂದೆ ಕೂತೆ. ಅವರು ಪುಸ್ತಕದ ದನಿಯಲ್ಲಿ ಶುರು ಮಾಡಿದರು: "ಈ ಅಧ್ಯಾಯದಲ್ಲಿ, ಬೆರಳಚ್ಚಿನ ಒಂದು ತಪ್ಪಿನಿಂದಾಗಿ..."

ನನ್ನ ಬೆರಳು ನಿಂತವು.

ತಪ್ಪು ನನ್ನದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಸೆಟ್ಟಿನ ಡಬ್ಬಿಯ ಜೊತೆಗೇ ಹಳೆಯ ಟೈಪು ಪ್ರತಿಯೂ ಕಟ್ಟಿಟ್ಟಿತ್ತು. ಬಿಚ್ಚಿ ಆ ಪುಟವನ್ನು ಅವರ ಮುಂದಿಟ್ಟೆ. 'ಉ' ಎಂದು ಶುರುವಾಗುವ ಆ ಉದ್ದ ಮಾತಿನ ನಡುವೆ, 'ರೇಡಿಯೋ' ಎಂಬ ಪದ ಆದ ಮೇಲೆ, ಕೆಂಪು ಶಾಯಿಯಲ್ಲಿ ಒಂದು ಅಲ್ಪವಿರಾಮ ಹಾಕಿತ್ತು. ಮೇಷ್ಟ್ರ ಕೈಯದೇ. ಆ ಪುಟದಲ್ಲಿ ಅವರು ತಿದ್ದಿದ್ದು ಅದೊಂದನ್ನೇ.

"ಆಗಲೇ ಓದಿದ್ರಲ್ಲ ಮೇಷ್ಟ್ರೇ" ಎಂದೆ.

ಅವರು ಆ ಅಲ್ಪವಿರಾಮವನ್ನು ಬಹಳ ಹೊತ್ತು ನೋಡಿದರು. ಹನ್ನೊಂದು ಪುಸ್ತಕ ಟೈಪು ಮಾಡಿದ್ದೇನೆ, ಅಂಥ ಮುಖವನ್ನು ಅವರು ಯಾವುದರಲ್ಲೂ ಬರೆದಿರಲಿಲ್ಲ.

"ಮೊದಲು ಓದಿದಾಗ ಬೆಚ್ಚಿಬಿದ್ದೆ" ಎಂದರು. "ನಾಳೆ ಹೇಳೋಣ, ತಿದ್ದಿಸೋಣ ಅಂದ್ಕೊಂಡೆ. ಆಮೇಲೆ... ಅವನ ಬಾಯಲ್ಲಿ ಓದೋಕೆ ಹಗುರ ಅನ್ನಿಸ್ತು. ಬೇರೆ ಯಾರೋ ಮಾಡಿದ ಹಾಗೆ."

"ನಂಗೂ ಎಂಟು ವರ್ಷದಿಂದ ಅನುಮಾನ ಇತ್ತು" ಎಂದೆ ನಾನು, ಆ ಹುಡುಗಿಯ ಕಡೆ ತಿರುಗಿ. "ಪುಸ್ತಕದ ಕೊನೇಲಿ ನನ್ನ ಹೆಸರು ಹಾಕಿ ಧನ್ಯವಾದ ಹೇಳಿದಾರಲ್ಲ. ಆ ಸಾಲು ಹೋಗಿಬಿಡುತ್ತೆ ಅಂತ ಸುಮ್ನಿದ್ದೆ." ಹೇಳಿದ ಮೇಲೆ ಅದು ಎಷ್ಟು ಸಣ್ಣ ಕಾರಣವೆಂದು ಕಿವಿಗೆ ಬಿತ್ತು.

ಅವಳು ಯಂತ್ರದಲ್ಲಿದ್ದ ಹಾಳೆಯತ್ತ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಹಾಳೆ ತೆಗೆದು ಹೊಸದು ಹಾಕಿದೆ. ಮೇಷ್ಟ್ರು 'ನಾನು' ಎಂದು ಶುರು ಮಾಡಿದರು. ಮೂರು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. "ನಾನು ಬಾಗಿಲು ತೆರೆಯದವನು, ರೇಡಿಯೋ ಜೋರು ಮಾಡಿದವನು. ಕಟ್ಟು ಹಾಕುವವರು ಅಂದು ಊರಿನಲ್ಲೇ ಇರಲಿಲ್ಲ. ಗೊತ್ತಿದ್ದೂ ಇಷ್ಟು ವರ್ಷ ಅವರ ಹೆಸರಿನಲ್ಲಿ ಬಿಟ್ಟೆ." ಅದರ ಕೆಳಗೆ, ಅನುಮಾನವಿದ್ದೂ ಸುಮ್ಮನಿದ್ದೆ ಎಂಬ ನನ್ನ ಸಾಲನ್ನು ನಾನೇ ಸೇರಿಸಿದೆ. ಅದರ ಒಂದು ಪ್ರತಿಯನ್ನು ಹುಡುಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು.

ವಾರದ ಮೇಲೆ ಅವಳು ಮೇಷ್ಟ್ರ ಮನೆಗೆ ಫೋನು ಮಾಡಿದಳು, ಎತ್ತಿದವಳು ನಾನು. ಮೇಷ್ಟ್ರು ಮುಂದೆಯೇ ಇದ್ದರು, ಕನ್ನಡಕ ಒರೆಸುತ್ತ.

"ಅಪ್ಪನಿಗೆ ತೋರಿಸಿದ್ಯಾ ಮಗಳೇ?"

"ತೋರಿಸ್ದೆ ಮೇಡಂ. ಎರಡು ಸಲ ಓದಿದ್ರು. ಆಮೇಲೆ ನನ್ನೇ ಬೈದ್ರು. 'ಅವರ ಹತ್ರ ಯಾಕೆ ಬರೆಸಿದೆ? ಪಾಪ, ಯಾರಿಗೂ ಹೇಳಲ್ಲ ಅಂತ ನಾನು ಮಾತು ಕೊಟ್ಟಿದ್ದೆ' ಅಂದ್ರು."

"ಆಮೇಲೆ?"

"ಆಮೇಲೆ ಏನಿಲ್ಲ. ಗಾಜು ಒರೆಸ್ತಾ ಕೂತ್ರು. ಒಂದೇ ಗಾಜು, ಅರ್ಧ ಗಂಟೆ."

ಏನಂತೆ ಎಂದು ಮೇಷ್ಟ್ರು ಕಣ್ಣಲ್ಲೇ ಕೇಳಿದರು. ಹೇಳಿದೆ, ಒಂದಕ್ಷರ ಬಿಡದೆ. ಈ ಸಲ ಯಾವುದನ್ನೂ ಓಡಿಸಲಿಲ್ಲ.