ಅತ್ತಿಗೆಯ ಹೊಲಿಗೆ ಪಾಠ

ಮುಂಗೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದ ಅತ್ತಿಗೆ, ಹೊಸಬರಿಗೆ ಕಲಿಸುವಷ್ಟು ಸುಖ ಇನ್ನೊಂದಿಲ್ಲವೆಂದು ಊರಿಗೆಲ್ಲ ಡಂಗುರ ಸಾರಿದ್ದಳು. ಕೊನೆಗೆ ಸ್ವಂತ ಮೈದುನನೇ ಶಿಷ್ಯನಾಗಿ ಗಂಟುಬಿದ್ದ. ಪುಣ್ಯಾತ್ಮ ದಿಂಬಿನ ಕವರಿನ ನಾಲ್ಕೂ ಬದಿಯನ್ನು ಶ್ರದ್ಧೆಯಿಂದ ಹೊಲಿದು ಮುಗಿಸಿದ. ದಿಂಬು ಮಾತ್ರ ಹೊರಗೇ ಉಳಿಯಿತು.

"ಬಿಚ್ಚು," ಎಂದಳು ಅತ್ತಿಗೆ. ಬಿಚ್ಚಿ ಮತ್ತೆ ಹೊಲಿದ. ಈ ಸಲ ಹೊಲಿಗೆಯ ಅಂಚೆಲ್ಲ ಹೊರಗೇ ಹಲ್ಲು ಕಿರಿಯುತ್ತಿತ್ತು. "ಬಿಚ್ಚು!" ಮಧ್ಯಾಹ್ನದವರೆಗೂ ಇದೇ ಹಾಡಾಯಿತು. ಕಲಿಸುವ ಸುಖ ಅತ್ತಿಗೆಯ ನೆತ್ತಿಗೇರಿತು.

"ಏಳು! ನಿನ್ನ ತಲೆಯಲ್ಲೇನು ಮಣ್ಣು ತುಂಬಿದ್ಯಾ? ಕಣ್ಣುಬಿಟ್ಟು ನೋಡು, ಹೊಲಿಯೋದು ಅಂದ್ರೆ ಹೀಗೆ!"

ಅವನನ್ನು ಎಬ್ಬಿಸಿ ತಾನೇ ಮಷೀನಿಗೆ ಕೂತಳು. ಸೂಜಿಯನ್ನು ನೋಡದೆ ಅವನನ್ನೇ ದುರುಗುಟ್ಟಿ ನೋಡುತ್ತ, ಗಡಗಡನೆ ತುಳಿದು ಒಂದೇ ಉಸಿರಿಗೆ ಮುಗಿಸಿ, ಗೆದ್ದವಳಂತೆ ಎದ್ದಳು. ಕವರೂ ಜೊತೆಗೇ ಎದ್ದಿತು. ಅವಳ ಅಂಗಿಯ ಸಡಿಲ ತೋಳನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ಕಸುಬುದಾರಳ ಹೊಲಿಗೆ, ಎಳೆದರೆ ಬಂದೀತೇ?

ಮೈದುನ ನಗಲಿಲ್ಲ. ಸಣ್ಣ ಕತ್ತರಿ ಹಿಡಿದು, ಬಟ್ಟೆಗೆ ಒಂದು ಗೀರೂ ಬೀಳದಂತೆ ಸರಸರನೆ ದಾರ ಬಿಡಿಸತೊಡಗಿದ.

"ಕೈ ಅಲ್ಲಾಡಿಸ್ಬೇಡಿ ಅತ್ತಿಗೆ," ಎಂದ. "ಬಿಚ್ಚೋದನ್ನ ಮಾತ್ರ ನೀವು ತುಂಬ ಚೆನ್ನಾಗಿ ಕಲಿಸಿದ್ದೀರಿ."